ಏಡಿಗಣ್ಣಿನ ನೀರು

ನವೆಂಬರ್ 14, ಗುರುವಾರ

ಮಗಳು ಮರ್ವಾ ನನ್ನ ಎದೆಯ ಮೇಲೆ ಮಲಗಿದ್ದಾಳೆ. ಎಡಗೈ ಅವಳ ಬೆನ್ನಿನ ಮೇಲೆ, ಪೆನ್ನು ಬಲಗೈಯಲ್ಲಿ. ಬೆನ್ನು ಏಳುತ್ತದೆ, ಇಳಿಯುತ್ತದೆ. ಇಳಿದದ್ದು ಮತ್ತೆ ಏಳುವ ತನಕ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಹಾಗಾಗಿ ಈ ಒಂದು ಪುಟಕ್ಕೆ ಮಧ್ಯಾಹ್ನ ಪೂರ್ತಿ ಬೇಕಾದೀತು.

ಬೆಳಿಗ್ಗೆ ಬಲ್ಮಠಕ್ಕೆ ಹೋಗಿದ್ದೆವು, ಡಾಕ್ಟರ್ ಮನೋರಮಾ ಅವರಲ್ಲಿಗೆ. ಮರ್ವಾಳನ್ನು ತೂಗಿದರು, ಎದೆಗೆ ಸ್ಟೆತ್ ಇಟ್ಟು ಕೇಳಿದರು, ಹೊಟ್ಟೆ ಒತ್ತಿ ನೋಡಿದರು. "ಫಸ್ಟ್ ಕ್ಲಾಸ್ ಇದ್ದಾಳೆ" ಅಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನೀವು ಎಷ್ಟು ಹೊತ್ತು ಮಲಗ್ತೀರಿ ಸಬೀನಾ?"

"ಮಲಗ್ತೇನೆ ಡಾಕ್ಟ್ರೆ."

"ನಾನು ಕೇಳಿದ್ದು ಅದಲ್ಲ."

ಪಕ್ಕದಲ್ಲಿದ್ದ ಗಂಡ ನಿಯಾಝ್ ಬಾಯಿ ಹಾಕಿದ. "ಎಲ್ಲಿ ಮಲಗುವುದು ಡಾಕ್ಟ್ರೆ? ಗೋಡೆಗೆ ಒರಗಿ ಕೂತಿರ್ತಾಳೆ. ಮಗುವನ್ನು ಯಾರ ಕೈಗೂ ಕೊಡುವುದಿಲ್ಲ. ನನಗೆ ಇಲ್ಲ, ನನ್ನ ಉಮ್ಮನಿಗೂ ಇಲ್ಲ. ನಾವೆಂತ ಮಗುವನ್ನು ತಿಂತೇವಾ?"

ಇವರಿಗೆಲ್ಲ ಹೇಗೆ ಹೇಳುವುದು? ಎಂಟನೇ ತಿಂಗಳು ತುಂಬುವ ಮೊದಲೇ ಹುಟ್ಟಿದವಳು ಅವಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಒಂದು ದಿನ, ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ನನಗೆ ಜೊಂಪು ಹತ್ತಿತ್ತು. ಮೆಶಿನ್ನು ಕೂಗಿ ಎಚ್ಚರವಾಯಿತು. ನರ್ಸ್ ಮಟಿಲ್ಡಾ ಓಡಿ ಬಂದು ಅವಳ ಅಂಗಾಲಿಗೆ ಬೆರಳಿನಿಂದ ಚಿಮ್ಮಿದರು. ಅಷ್ಟೇ. ಮರ್ವಾ ಮತ್ತೆ ಉಸಿರು ತೆಗೆದುಕೊಂಡಳು. "ಬೇಗ ಹುಟ್ಟಿದ ಮಕ್ಕಳು ಹೀಗೇ, ಉಸಿರು ತೆಗೀಲಿಕ್ಕೆ ಮರೆತುಬಿಡ್ತಾರೆ. ನೆನಪು ಮಾಡಿದ್ರೆ ಆಯ್ತು" ಎಂದು ಮಟಿಲ್ಡಾ ನಕ್ಕರು. ನೆನಪು ಮಾಡಲು ಯಾರಾದರೊಬ್ಬರು ಎಚ್ಚರವಿರಬೇಕಲ್ಲ.

"ಅದೆಲ್ಲ ದಾಟಿ ಆಯ್ತು" ಎಂದರು ಡಾಕ್ಟರ್, ನನ್ನ ಮನಸ್ಸು ಓದಿದವರ ಹಾಗೆ. "ಈಗ ಅವಳು ಮರೆಯುವುದಿಲ್ಲ. ಮುಂದಿನ ತಿಂಗಳು ಬರುವಾಗ ನೀವು ಒಂದು ಸಲವಾದ್ರೂ ಗಟ್ಟಿ ನಿದ್ದೆ ಮಾಡಿರ್ಬೇಕು. ಇಲ್ಲದಿದ್ರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಮಾತ್ರೆ ಶುರು ಮಾಡ್ಬೇಕಾಗ್ತದೆ. ಹೆದರ್ಲಿಕ್ಕೆ ಎಂತ ಇಲ್ಲ, ಹಾಲು ಕೊಡುವವರಿಗೆ ಆಗುವಂಥದ್ದೇ ಉಂಟು."

ಹೆದರಲಿಕ್ಕೆ ಇಲ್ಲವಂತೆ. ಮಾತ್ರೆ ತಿಂದು ನಾನು ಕಲ್ಲಿನ ಹಾಗೆ ಬಿದ್ದುಕೊಂಡರೆ ಅಂಗಾಲಿಗೆ ಚಿಮ್ಮುವವರು ಯಾರು? ಆ ಮಾತ್ರೆ ಈ ಮನೆಯೊಳಗೆ ಬರಕೂಡದು.

ನವೆಂಬರ್ 17, ಭಾನುವಾರ

ನಿಯಾಝ್‌ನದು ಬಂದರಿನಲ್ಲಿ ಫ್ಯಾನ್ಸಿ ಲೈಟುಗಳ ಅಂಗಡಿ. ವರ್ಷಕ್ಕೊಮ್ಮೆ ಮಾಲು ನೋಡಲು ಚೀನಾಕ್ಕೆ, ಗ್ವಾಂಗ್‌ಝೌಗೆ ಹೋಗುತ್ತಾನೆ. ಕಳೆದ ತಿಂಗಳು ಹೋಗಿ ಬಂದ ಸೂಟ್‌ಕೇಸು ಮಂಚದ ಕೆಳಗೇ ಇತ್ತು. ಇವತ್ತು ಅದರ ತಳದಿಂದ, ಹಳೇ ಬನಿಯನ್ನಿನಲ್ಲಿ ಸುತ್ತಿದ ಒಂದು ಪೊಟ್ಟಣ ಹೊರಬಂತು. ಅವನಿಗೆ ಲೈಟು ಮಾರುವ ಫಾಂಗ್ ಎಂಬ ಹೆಂಗಸು ಮಗಳು ಹುಟ್ಟಿದ ಸುದ್ದಿ ಕೇಳಿ ಕೊಟ್ಟದ್ದಂತೆ. ಮಗುವಿಗಲ್ಲ, ಮಗುವಿನ ತಾಯಿಗೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮರೆತುಹೋಯ್ತು ಮಾರಾಯ್ತಿ."

ಈ ಮನೆಯಲ್ಲಿ ಮರೆಯುವವರೇ ಎಲ್ಲ.

ಬಿಚ್ಚಿದರೆ ಹಿಡಿಯಿಲ್ಲದ ಒಂದು ಬಿಳಿ ಪಿಂಗಾಣಿ ಕಪ್, ಅದಕ್ಕೊಂದು ಮುಚ್ಚಳ, ಕೆಳಗೊಂದು ತಟ್ಟೆ. ಗೈವಾನ್ ಎಂದು ಅದರ ಹೆಸರಂತೆ. ಜೊತೆಗೆ ಎರಡು ಡಬ್ಬಿ ಚಹಾ ಎಲೆ. ಒಂದರಲ್ಲಿ ಕರಿಮೆಣಸಿನ ಹಾಗೆ ಮುದುಡಿಕೊಂಡ ಹಸಿರು ಉಂಡೆಗಳು, ಇನ್ನೊಂದರಲ್ಲಿ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ ಎಲೆಗಳು.

ಮಾಮಿ, ಅಂದರೆ ನಿಯಾಝ್‌ನ ಉಮ್ಮ, ನನ್ನ ಅತ್ತೆ, ಸಂಜೆ ಚಾ ಮಾಡಿದರು. ಮೂರು ಜನಕ್ಕೆ ಮೂರು ದೊಡ್ಡ ಚಮಚ ಉಂಡೆ. ಬಣ್ಣ ಬರಲಿಲ್ಲವೆಂದು ಮತ್ತೆರಡು. ಹಾಲು, ಸಕ್ಕರೆ, ಜಜ್ಜಿದ ಶುಂಠಿ. ಕುದಿಯುತ್ತಾ ಕುದಿಯುತ್ತಾ ಉಂಡೆಗಳು ಒಂದೊಂದಾಗಿ ಬಿಚ್ಚಿಕೊಂಡು, ಪಾತ್ರೆಯ ಹಾಲನ್ನೆಲ್ಲ ಕುಡಿದು, ಅಂಚಿನವರೆಗೆ ಸೊಪ್ಪು ತುಂಬಿತು. ಮಾಮಿ ಸೌಟಿನಿಂದ ಎತ್ತಿ ತೋರಿಸಿದರು.

"ನಿಯಾಝ್, ಬಾ ಇಲ್ಲಿ. ನಿನ್ನ ಚೀನಾದವಳು ಬಸಳೆ ಕೊಟ್ಟು ಕಳಿಸಿದ್ದಾಳೆ. ಇನ್ನು ನಾಲ್ಕು ಸಿಗಡಿ ಹಾಕಿದ್ರೆ ಗಸಿ."

ಮಾಮಿ ಮಾತಾಡುವುದು ಬ್ಯಾರಿಯಲ್ಲಿ. ಬರೆಯುವಾಗ ನನ್ನ ಕೈ ಶಾಲೆಯ ಕನ್ನಡಕ್ಕೆ ತಾನಾಗಿ ಹೋಗುತ್ತದೆ. ಆದರೆ ಅವರು ಆ ಬಸಳೆಯನ್ನು ಹೇಳಿದ ರೀತಿ ಯಾವ ಭಾಷೆಯಲ್ಲೂ ಬಾರದು. ನಾನು ನಕ್ಕೆನೋ ಏನೋ. ಮರ್ವಾ ಎದೆಯ ಮೇಲೆ ಅಲುಗಿದಳು.

ಒಂದು ಎಲೆಯನ್ನು ತೊಳೆದು ತಟ್ಟೆಯ ಮೇಲೆ ಹರಡಿ ನೋಡಿದೆ. ಅಂಚಿಗೆಲ್ಲ ಸಣ್ಣ ಸಣ್ಣ ಹಲ್ಲು, ನಡುವೆ ನರ, ತುದಿಯಲ್ಲಿ ಇನ್ನೂ ಬಿಚ್ಚದ ಮೊಗ್ಗು. ಬಿಎಸ್ಸಿಯಲ್ಲಿ ಬಾಟನಿ ಓದಿದವಳು ನಾನು. ಒಂದು ಎಲೆಯನ್ನು ಹೀಗೆ ಸುಮ್ಮನೆ ನೋಡಿ ವರ್ಷಗಳೇ ಆಗಿದ್ದವು.

ನವೆಂಬರ್ 20, ಬುಧವಾರ

ಎಲ್ಲವೂ ಕೂಗುತ್ತವೆ. ಹೈವೇಯಲ್ಲಿ ರಿವರ್ಸ್ ಬರುವ ಲಾರಿ, ಒಗೆಯುವ ಮೆಶಿನ್ನು, ಪಕ್ಕದ ಫ್ಲಾಟಿನ ಮೈಕ್ರೋವೇವ್. ಎಲ್ಲದರದ್ದೂ ಅದೇ ಸ್ವರ, ಆ ಗಾಜಿನ ಪೆಟ್ಟಿಗೆಯ ಸ್ವರ. ಇವತ್ತು ಕರೆಂಟಿನ ಕೆಟಲಿನಲ್ಲಿ ನೀರು ಕಾಯಿತೆಂದು ಪೀ ಪೀ ಅಂದಾಗ ಮರ್ವಾಳ ಅಂಗಾಲಿಗೆ ನಾನೇ ಚಿಮ್ಮಿಬಿಟ್ಟೆ. ಮಲಗಿದ್ದವಳು ಬೆಚ್ಚಿ ಎದ್ದು ಅತ್ತಳು. ನಾನೂ ಅತ್ತೆ.

ಕೆಟಲನ್ನು ಅಟ್ಟಕ್ಕೆ ಹಾಕಿಸಿದೆ.

ನವೆಂಬರ್ 23, ಶನಿವಾರ

ಸೊಪ್ಪು ತುಂಬಿದ ಪಾತ್ರೆಯ ಫೋಟೋವನ್ನು ನಿಯಾಝ್ ಫಾಂಗ್‌ಗೆ ಕಳಿಸಿದ್ದ. ಅವರಿಬ್ಬರ ನಡುವೆ ಮಾತು ನಡೆಯುವುದು ಫೋನಿನ ಅನುವಾದದಲ್ಲಿ. ನನಗೆಂದು ಕನ್ನಡಕ್ಕೆ ತಿರುಗಿಸಿ ಓದಲು ಕೊಟ್ಟ:

"ಗೌರವಾನ್ವಿತ ತಾಯಿ, ನೀವು ಎಲೆಯನ್ನು ಸೂಪ್ ಮಾಡಿದ್ದೀರಿ. ನಮ್ಮ ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ದಯವಿಟ್ಟು ಹಾಲನ್ನು ಹಸುವಿಗೆ ಹಿಂತಿರುಗಿಸಿ."

ಕೆಳಗೆ ಉದ್ದ ಪಾಠ. ಎಲೆ ಒಂದು ಚಿಟಿಕೆ ಸಾಕು, ಗೈವಾನಿನ ತಳ ಮುಚ್ಚುವಷ್ಟು. ಮೊದಲು ಹಾಕಿದ ನೀರನ್ನು ಕೂಡಲೇ ಚೆಲ್ಲಬೇಕು, ಅಕ್ಕಿ ತೊಳೆದ ಹಾಗೆ. ಎರಡನೆಯ ನೀರಿಗೆ ಮುಚ್ಚಳವನ್ನು ಓರೆ ಮಾಡಿ, ಎಲೆ ಹೊರಗೆ ಬಾರದಂತೆ ಬಗ್ಗಿಸಬೇಕು. ಅದೇ ಎಲೆಗೆ ಮತ್ತೆ ನೀರು, ಮತ್ತೆ ನೀರು, ರುಚಿ ಇರುವ ತನಕ. ಎಷ್ಟು ಹೊತ್ತು ಎಂದು ನಿಯಾಝ್ ಕೇಳಿದ್ದಕ್ಕೆ ಅವಳದ್ದು ಒಂದೇ ಉತ್ತರ: "ಬಣ್ಣವನ್ನು ನೋಡಿ, ಗಡಿಯಾರವನ್ನು ನೋಡಬೇಡಿ."

ನೀರಿನ ಬಿಸಿಗೂ ಅವರಲ್ಲಿ ಥರ್ಮಾಮೀಟರ್ ಇಲ್ಲವಂತೆ. "ನೀರಿಗೆ ಕಣ್ಣುಗಳಿವೆ. ಮೊದಲು ಸಿಗಡಿಯ ಕಣ್ಣು. ನಂತರ ಏಡಿಯ ಕಣ್ಣು. ನಂತರ ಮೀನಿನ ಕಣ್ಣು. ಚಪ್ಪಟೆ ಎಲೆಗೆ ಏಡಿ ಸಾಕು. ಉಂಡೆಗೆ ಮೀನು ಬೇಕು." ನಿಯಾಝ್‌ಗೆ ಅರ್ಥವಾಗಲಿಲ್ಲ. ನನಗೆ ಕೂಡಲೇ ಆಯಿತು. ಗುಳ್ಳೆ. ಕಾಯುವ ನೀರಿನ ತಳದಿಂದ ಏಳುವ ಗುಳ್ಳೆಗಳು; ಮೊದಲು ಸಣ್ಣವು, ಆಮೇಲೆ ದೊಡ್ಡವು.

ಹಾಲು ಕೊಡುವವಳು ಇದನ್ನು ಕುಡಿಯಬಹುದಾ ಎಂದು ಡಾಕ್ಟರಿಗೆ ಫೋನ್ ಮಾಡಿಸಿದೆ. ದಿನಕ್ಕೆ ಎರಡು ಸಣ್ಣ ಕಪ್ಪು ಆಗುತ್ತದೆ, ಸಂಜೆ ಮೇಲೆ ಬೇಡ ಅಂದರಂತೆ. ನಿಯಾಝ್ ಫೋನಿಟ್ಟು ಹೇಳಿದ, "ನಿದ್ದೆ ಮಾಡು ಅಂತ ಡಾಕ್ಟರ್ ಹೇಳಿದ್ರೆ ಚಾ ಕುಡೀಲಿಕ್ಕೆ ಹೊರಟವಳು ಲೋಕದಲ್ಲಿ ನೀನೊಬ್ಬಳೇ."

ನವೆಂಬರ್ 25, ಸೋಮವಾರ

ಮಗುವನ್ನು ಎತ್ತಿಕೊಂಡು ಕಾಯುವ ನೀರಿನ ಹತ್ತಿರ ಹೋಗುವ ಹಾಗಿಲ್ಲ. ಹೋಗುವುದಿಲ್ಲ. ಚಾ ಮಾಡಬೇಕಾದರೆ ಮರ್ವಾಳನ್ನು ಯಾರಿಗಾದರೂ ಕೊಡಬೇಕು. ಎರಡು ದಿನ ಇದನ್ನೇ ಯೋಚಿಸಿದೆ.

ಇವತ್ತು ಊಟವಾದ ಮೇಲೆ ಮಾಮಿಯನ್ನು ಕರೆದೆ. "ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿ ಮಾಮಿ. ಒಳಗೆ ಬರಬೇಡಿ. ಅವಳ ಮುಖ ನನಗೆ ಕಾಣ್ಬೇಕು. ಕುತ್ತಿಗೆ ಬಾಗದ ಹಾಗೆ ಹಿಡೀರಿ."

ಮಾಮಿ ಎರಡೂ ಕೈ ಚಾಚಿದರು. ಮರ್ವಾ ನನ್ನ ಎದೆಯಿಂದ ಹೋದ ಜಾಗ ತಣ್ಣಗಾಯಿತು, ಕಿಟಕಿ ತೆರೆದಿಟ್ಟ ಹಾಗೆ.

ಗಾಜಿನ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟೆ. ನೀರನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ಕುತ್ತಿಗೆ ಉಳುಕಿತು. ನಾನು ಬಾಗಿಲ ಕಡೆ ತಿರುಗಿದ್ದಾಗಲೇ ಕಣ್ಣುಗಳೆಲ್ಲ ದಾಟಿ ನೀರು ಕೊತಕೊತ ಕುದಿದಿತ್ತು. ಹಾಕಿದ್ದು ಚಪ್ಪಟೆ ಎಲೆ. ಹಾಗಲಕಾಯಿಯೂ ಇಷ್ಟು ಕಹಿಯಿರದು. ಗೈವಾನಿನ ಅಂಚು ತಗುಲಿ ಹೆಬ್ಬೆರಳು ಸುಟ್ಟಿತು.

"ಮುಖ ಕಂಡಿತಾ ಸರೀ?" ಎಂದು ಕೇಳಿದರು ಮಾಮಿ, ಮಗುವನ್ನು ವಾಪಸು ಕೊಡುತ್ತಾ. "ಅವಳ ಅಪ್ಪನನ್ನು, ದೊಡ್ಡಪ್ಪನನ್ನು ಬೆಳೆಸಿದ್ದು ನಾನೇ. ಮರೆತುಹೋಯ್ತೇನೋ ಅಂತ ನನಗೇ ಡೌಟ್ ಬಂತು."

ನವೆಂಬರ್ 27, ಬುಧವಾರ

ಮಾಮಿಗೆ ಈಗ ಈ ಕಣ್ಣುಗಳ ವಿಷಯದಲ್ಲಿ ನನಗಿಂತ ಹೆಚ್ಚು ಆಸಕ್ತಿ. ಮೀನಿನ ಕಣ್ಣು ನೋಡದೆ ಒಂದು ಬೂತಾಯಿಯನ್ನೂ ಕೊಂಡವರಲ್ಲ ಅವರು. ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ಇವತ್ತಿನದು, ಒಳಗೆ ಹೋಗಿ ಮಂಕಾಗಿದ್ದರೆ ಮೊನ್ನೆಯದು. ಮರ್ವಾಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತೇ ಕತ್ತು ನೀಳ ಮಾಡಿ ಪಾತ್ರೆಯೊಳಗೆ ನೋಡಿದರು.

"ಎಂತ ಬಂತು?"

"ಸಿಗಡಿ ಕಣ್ಣು ಮಾಮಿ."

"ಅದಾ? ಸಿಗಡಿಯದ್ದು ಹೊರಗೆ ಚಾಚಿಕೊಂಡು ಇರ್ತದೆ, ಟೈಲರಿನ ಗುಂಡುಸೂಜಿ ಹಾಗೆ. ಇದು ಅಂಟಿಕೊಂಡು ಉಂಟು. ಇನ್ನೂ ಹುಟ್ಟಲಿಲ್ಲ ನಿನ್ನ ಸಿಗಡಿ."

ಕಾದೆವು. ತಳದಲ್ಲಿ ಬೆವರಿನ ಹಾಗೆ ಅಂಟಿಕೊಂಡಿದ್ದ ಗುಳ್ಳೆಗಳು ನಿಧಾನಕ್ಕೆ ಬಿಟ್ಟುಕೊಂಡವು, ಒಂದು, ಇನ್ನೊಂದು. ದಾರವಿಲ್ಲದ ಮಣಿಗಳ ಹಾಗೆ ಮೇಲೆ ಬಂದವು.

"ಹ್ಞಾಂ, ಈಗ ಸಿಗಡಿ" ಎಂದರು ಮಾಮಿ. "ಏಡಿ ಬರುವಾಗ ಹೇಳ್ತೇನೆ, ಇರು."

ಏಡಿ ಬಂದಾಗ ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಚಪ್ಪಟೆ ಎಲೆಗಳು ನೀರಿನಲ್ಲಿ ಮೊದಲು ಮಲಗಿದ್ದವು, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತವು, ಸಣ್ಣ ಹಸಿರು ಮೀನುಗಳು ಬಾಯಿ ಮೇಲೆ ಮಾಡಿ ನಿಂತ ಹಾಗೆ. ಮುಚ್ಚಳ ಹಾಕುವುದನ್ನೂ ಮರೆತು ನೋಡಿದೆ. ರುಚಿ ಏನೆಂದು ಬರೆಯಲಿ? ಬೇಯಿಸಿದ ಹಲಸಿನ ಬೀಜದ ನೀರಿನ ಹಾಗೆ ಒಂದು ಸಿಹಿ. ಅದು ನಾಲಿಗೆಯಲ್ಲಿ ಅಲ್ಲ, ನುಂಗಿದ ಮೇಲೆ ಗಂಟಲಿನಲ್ಲಿ.

ಮಾಮಿಗೊಂದು ಗುಟುಕು ಕೊಟ್ಟೆ. "ಹೂಂ" ಅಂದರು. "ಜ್ವರ ಬಂದವರಿಗೆ ಆದೀತು."

ನವೆಂಬರ್ 30, ಶನಿವಾರ

ಮಾಮಿಗೆ ಮಂಡಿ ನೋವು. ನಿಂತುಕೊಳ್ಳಲು ಆಗುವುದಿಲ್ಲ ಎಂದು ಮರ್ವಾಳನ್ನು ಎತ್ತಿಕೊಂಡು ಹಾಲ್‌ನ ಸೋಫಾದಲ್ಲಿ ಕೂತರು. ಅಲ್ಲಿಂದ ಅಡುಗೆಮನೆ ಕಾಣುವುದಿಲ್ಲ, ಆದರೆ ಕೇಳುತ್ತದೆ.

"ಯಾವ ಕಣ್ಣು?" ಎಂದು ಅವರು ಕೂಗುತ್ತಾರೆ.

"ಸಿಗಡಿ!" ಎಂದು ನಾನು.

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಏಡಿ ಮಾಮಿ!"

"ಉಂಡೆಗಾದ್ರೆ ಮೀನು ಬರ್ಲಿ."

ಅವರ ದನಿಯ ಅಡಿಯಲ್ಲಿ ಮರ್ವಾ ಏನೋ ಗೊಣಗುವುದು ಕೇಳುತ್ತಿತ್ತು, ಅವಳೂ ಕಣ್ಣು ಲೆಕ್ಕ ಹಾಕುತ್ತಿದ್ದಾಳೆ ಎನ್ನುವಂತೆ. ಹೈವೇಯ ಸದ್ದು ಮಧ್ಯಾಹ್ನದ ಬಿಸಿಲಿನಲ್ಲಿ ದೂರದ ಸಮುದ್ರದ ಹಾಗೆ. ಇವತ್ತು ಉಂಡೆಯ ಎಲೆ. ಮೀನಿನ ಕಣ್ಣಿನ ನೀರು ಬಿದ್ದೊಡನೆ ಉಂಡೆಗಳು ಒಳಗಿನಿಂದ ಯಾರೋ ತಳ್ಳಿದ ಹಾಗೆ ಕಿಟಿಕಿಟಿ ಎಂದು ಗೈವಾನಿನ ಗೋಡೆಗೆ ತಾಗಿದವು. ಮುಚ್ಚಳದ ಒಳಬದಿಯನ್ನು ಮೂಗಿನ ಹತ್ತಿರ ಹಿಡಿದರೆ ರಂಜೆ ಹೂವಿನ ವಾಸನೆ. ಹಸಿ ಹೂವಿನದ್ದಲ್ಲ, ಮುಡಿದು ಮರುದಿನ ದಿಂಬಿನ ಮೇಲೆ ಸಿಗುವ ಹೂವಿನದ್ದು.

ಒಂದೇ ಎಲೆಗೆ ಮತ್ತೆ ಮತ್ತೆ ನೀರು ಹಾಕುವುದು ಮಾಮಿಗೆ ಬಹಳ ಮೆಚ್ಚಿಗೆಯಾಗಿದೆ. "ಬುದ್ಧಿ ಇರುವ ಜನ. ನಮ್ಮವರು ನೆಂಟರು ಬಂದ್ರೆ ಡಬ್ಬಿಯೇ ಬಗ್ಗಿಸ್ತಾರೆ."

ಡಿಸೆಂಬರ್ 3, ಮಂಗಳವಾರ

ಮರ್ವಾಳಿಗೆ ಶೀತ. ಮೂಗು ಕಟ್ಟಿದೆ. ಉಸಿರು ಗೊರಗೊರ. ಗೊರಗೊರ ನಿಂತಾಗ ಇನ್ನೂ ಭಯ. ಚಾ ಇಲ್ಲ. ಯಾರ ಕೈಗೂ ಕೊಡುವುದಿಲ್ಲ.

ಡಿಸೆಂಬರ್ 4, ಬುಧವಾರ

ಹಾಗೆಯೇ.

ಡಿಸೆಂಬರ್ 6, ಶುಕ್ರವಾರ

ಡಾಕ್ಟರ್ ಮೂಗಿಗೆ ಉಪ್ಪುನೀರಿನ ಹನಿ ಹೇಳಿದ್ದಾರೆ. ಹಾಲು ಕುಡೀತಾ ಇದ್ದಾಳಲ್ಲ, ಮಾಮೂಲು ಶೀತ ಅಂದರು ಫೋನಿನಲ್ಲಿ. ಆದರೂ ಕುತ್ತಿಗೆ ನೆಟ್ಟಗೆ ನಿಲ್ಲದಷ್ಟು ದಣಿದಿದ್ದೇನೆ. ಕೋಣೆಯ ಮೂಲೆಗಳು ಮೃದುವಾಗಿ ಕಾಣುತ್ತವೆ. ಗೋಡೆ ಉಸಿರಾಡುತ್ತಿದೆ ಎಂದು ಒಮ್ಮೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಜುಮಾ ನಮಾಜು ಮುಗಿಸಿ ಬಂದ ನಿಯಾಝ್ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದ. ಆಮೇಲೆ ಜಗಳವಾಯಿತು.

"ಮಾತ್ರೆ ಬೇಡ ಅಂತೀಯ. ನಿದ್ದೆಯೂ ಬೇಡ ಅಂತೀಯ. ಎಂತ ಬೇಕು ಹಾಗಾದ್ರೆ ನಿಂಗೆ?"

"ಅವಳು ಉಸಿರಾಡ್ಬೇಕು."

"ಉಸಿರಾಡ್ತಾ ಇದ್ದಾಳಲ್ಲ ಸಬೀನಾ! ಇಡೀ ಬಿಲ್ಡಿಂಗಿಗೆ ಕೇಳ್ತಾ ಉಂಟು ಅವಳ ಗೊರಕೆ!"

"ನಾನು ನೋಡ್ತಾ ಇರುವುದಕ್ಕೆ ಉಸಿರಾಡ್ತಾ ಇದ್ದಾಳೆ."

ಅವನು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡಿದ. ಸ್ವಲ್ಪ ಹೊತ್ತಿಗೆ ಗೈವಾನನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಬಂದು, ಒಂದು ಚಿಕ್ಕ ಲೋಟಕ್ಕೆ ಬಗ್ಗಿಸಿ, ಆರಿಸಿ, ನನ್ನ ಬಾಯಿಗೇ ಹಿಡಿದ. ಚಪ್ಪಟೆ ಎಲೆ, ಕೊತಕೊತ ನೀರು. ಕಹಿ ಕಹಿ.

"ಏಡಿಗಣ್ಣಿಗೆ ಇಳಿಸ್ಬೇಕಿತ್ತು" ಎಂದೆ.

"ಇಳಿಸಿದ್ದೇ ಏಡಿಗೆ."

"ಇದು ಏಡಿ ಅಲ್ಲ. ಇದು ತಿಮಿಂಗಿಲ."

ಅವನಿಗೆ ನಗು ಬಂತು, ಆದರೆ ಕಣ್ಣು ಒದ್ದೆಯಿತ್ತು. ಕಹಿಯನ್ನು ನಾವಿಬ್ಬರೂ ಸೇರಿ ಕುಡಿದು ಮುಗಿಸಿದೆವು.

ಡಿಸೆಂಬರ್ 9, ಸೋಮವಾರ

ಮೂಗು ಬಿಟ್ಟಿತು. ಮರ್ವಾ ಬೆಳಿಗ್ಗೆಯಿಂದ ತನ್ನ ಬೆರಳುಗಳನ್ನೇ ನೋಡಿ ನಗುತ್ತಿದ್ದಾಳೆ. ಊಟವಾದ ಮೇಲೆ ಮಾಮಿ ತಾವಾಗಿಯೇ ಬಂದು ಕೈ ಚಾಚಿದರು. "ಕೊಡು ಇಲ್ಲಿ. ಹೋಗಿ ನಿನ್ನ ಏಡಿ ಸಾಕು."

ಚೀನಾದ ಉಂಡೆಗಳಿಗೆ ಇಷ್ಟು ದಿನ ಡಬ್ಬಿಯಲ್ಲಿ ಬೇಸರವಾಗಿತ್ತೇನೋ. ಇವತ್ತು ಮೊದಲ ನೀರಿಗೇ ಅರ್ಧ ಬಿಚ್ಚಿಕೊಂಡವು. ಬಣ್ಣ ನೋಡುತ್ತಾ ನಿಂತೆ. ಹಳದಿಯಲ್ಲ, ಹಸಿರಲ್ಲ, ಎಳನೀರಿಗೆ ಒಂದು ಹನಿ ಜೇನು ಬಿದ್ದ ಹಾಗೆ. ಎರಡನೆಯದಕ್ಕೆ ಬಣ್ಣ ಗಾಢ. ಮೂರನೆಯದಕ್ಕೆ ವಾಸನೆ ಹಿಂದೆ ಸರಿದು ಸಿಹಿ ಮುಂದೆ ಬಂತು. ಡಾಕ್ಟರ್ ಹೇಳಿದ ಎರಡು ಕಪ್ಪಿಗೆ ಮೀರಬಾರದೆಂದು ಪ್ರತಿಯೊಂದರಿಂದ ಒಂದೊಂದೇ ಗುಟುಕು, ಉಳಿದದ್ದು ಮಾಮಿಗೆ. ಮಾಮಿ ಗುಟ್ಟಾಗಿ ಸಕ್ಕರೆ ಹಾಕಿಕೊಳ್ಳುತ್ತಾರೆ. ಚಮಚದ ಸದ್ದು ನನಗೆ ಕೇಳುತ್ತದೆಂದು ಅವರಿಗೆ ಗೊತ್ತಿಲ್ಲ.

ಬಜಪೆಗೆ ಇಳಿಯುವ ವಿಮಾನವೊಂದು ಕಿಟಕಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಹೋಯಿತು. ಅಷ್ಟು ದೊಡ್ಡದು ಹೇಗೆ ಹಾಗೆ ತೇಲುತ್ತದೋ.

ಡಿಸೆಂಬರ್ 11, ಬುಧವಾರ

ಐದನೆಯ ನೀರು. ಇದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ನಾಲ್ಕಕ್ಕೇ ಎಲೆ ಮುಗಿಯಿತೆಂದು ಎಸೆಯುತ್ತಿದ್ದೆ. ಇವತ್ತು ಎಸೆಯಲು ಮನಸ್ಸಾಗಲಿಲ್ಲ. ಕೆಳಗೆ ಗೇಟಿನಲ್ಲಿ ಮೊಯ್ದೀನಬ್ಬರ ಮೀನಿನ ರಿಕ್ಷಾದ ಹಾರ್ನ್ ಆಯಿತು, ಮಾಮಿ ಮರ್ವಾಳನ್ನು ಎತ್ತಿಕೊಂಡು ಮೀನು ನೋಡಲು ಇಳಿದು ಹೋದರು, ಮನೆಯಲ್ಲಿ ಸದ್ದೇ ಇರಲಿಲ್ಲ. ನೀರು ಹಾಕಿ ಹೆಚ್ಚು ಹೊತ್ತು ಬಿಟ್ಟೆ. ಬಗ್ಗಿಸಿದರೆ ಬರೀ ನೀರಿನ ಬಣ್ಣ. ಆದರೆ ಬಾಯಿಗೆ ಹಾಕಿದಾಗ, ಮಳೆಗಾಲದ ಕೊನೆಗೆ ಬಾವಿಯಿಂದ ಎಳೆದ ನೀರಿನ ಆ ತಂಪಾದ ಸಿಹಿ. ಬಿಸಿ ನೀರಿನಲ್ಲಿ ತಂಪು ಎಲ್ಲಿಂದ?

ಎಲೆಗಳನ್ನು ತಟ್ಟೆಗೆ ಸುರಿದು ಒಂದೊಂದೇ ಬಿಡಿಸಿ ಸಾಲಾಗಿ ಇಟ್ಟೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನಗಳ ಹಾಗೆ. ಎಲ್ಲವೂ ಪೂರ್ತಿ ಬಿಚ್ಚಿಕೊಂಡಿದ್ದವು.

ಮಾಮಿ ಬಂಗುಡೆ ತಂದರು. ಕಣ್ಣು ಚೆನ್ನಾಗಿದ್ದವಂತೆ. ಮರ್ವಾ ಮೊಯ್ದೀನಬ್ಬರ ಗಡ್ಡ ಹಿಡಿದು ಎಳೆದಳಂತೆ.

ಡಿಸೆಂಬರ್ 14, ಶನಿವಾರ

ಗಾಜಿನ ಪಾತ್ರೆಯಲ್ಲಿ ಏನೋ ದೋಷವಿದೆ. ನಿಯಾಝ್‌ಗೆ ಹೇಳಿ ಬದಲಾಯಿಸಬೇಕು.

ಊಟವಾದ ಮೇಲೆ ಚಪ್ಪಟೆ ಎಲೆಗೆಂದು ನೀರಿಟ್ಟಿದ್ದೆ. ಕಣ್ಣು ತಪ್ಪಿ ಅದು ಮೀನಿನವರೆಗೆ ಹೋಯಿತು. ಗ್ಯಾಸು ಆರಿಸಿ, ಆರಿ ಏಡಿಗೆ ಇಳಿಯಲಿ ಎಂದು ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗುವಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತೆ. ಒಣಗಿದ ಬಟ್ಟೆಯ ವಾಸನೆ, ಬಿಸಿಲು. ಮರ್ವಾಳ ಸಣ್ಣ ಅಂಗಿಗಳು ತಂತಿಯ ಮೇಲೆ ತೋಳು ಬೀಸುತ್ತಿದ್ದವು. ಒಂದು ಗಳಿಗೆ ಕಣ್ಣು ಮುಚ್ಚಿದೆ, ಅಷ್ಟೇ.

ಎದ್ದು ನೋಡಿದರೆ ನೀರು ಬಾವಿಯ ನೀರಿನಷ್ಟು ತಣ್ಣಗೆ! ಒಂದು ಗಳಿಗೆಯಲ್ಲಿ ಇಷ್ಟು ಆರುವ ಪಾತ್ರೆ ಯಾವ ಉಪಯೋಗಕ್ಕೆ? ಹೊರಗೆ ಹೊತ್ತು ಮುಳುಗುವಾಗಿನ ಮಗ್ರಿಬಿನ ಬಾಂಗ್ ಕೊಡುತ್ತಿದ್ದರು. ಸಂಜೆ ನಾಲ್ಕರ ಸುಮಾರಿನ ಅಸರಿನದ್ದು ಕೇಳಿಸಿಯೇ ಇರಲಿಲ್ಲ, ಮಸೀದಿಯ ಮೈಕ್ ಕೆಟ್ಟಿತ್ತೋ ಏನೋ. ಯಾರೋ ನನ್ನ ಕಾಲ ಮೇಲೆ ಶಾಲು ಹೊದಿಸಿದ್ದರು, ಈ ಸೆಖೆಗೆ.

ಮಾಮಿ ಹಾಲ್‌ನಲ್ಲಿ ಮರ್ವಾಳನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದರು. "ಚಾ ಆಯ್ತಾ?" ಎಂದು ಕೇಳಿದರು.

"ನೀರು ಆರಿಹೋಯ್ತು ಮಾಮಿ."

"ಹೌದಾ" ಎಂದರು. "ಆರ್ಲಿ ಬಿಡು."

ಡಿಸೆಂಬರ್ 16, ಸೋಮವಾರ

ಇವತ್ತೂ ಆರಿತು. ನಿಯಾಝ್ ತಂದ ಹೊಸ ಸ್ಟೀಲಿನ ಪಾತ್ರೆಯಲ್ಲಿ ಕಣ್ಣು ಕಾಣುವುದಿಲ್ಲ. ಹಾಗಾಗಿ ಗಾಜಿನದನ್ನೇ ಇಟ್ಟುಕೊಳ್ಳಬೇಕಾಗುತ್ತದೆ.

ಗುರುವಾರ ಡಾಕ್ಟರು. ಮಾತ್ರೆಯ ವಿಷಯ ತೆಗೆಯದೆ ಬಿಡುವವರಲ್ಲ ಅವರು.

ಡಿಸೆಂಬರ್ 19, ಗುರುವಾರ

ಹೋಗುವಾಗ ನಂತೂರಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಬ್ಲಾಕ್. ಒಂದು ಗ್ಯಾಸ್ ಟ್ಯಾಂಕರ್, ಅದರ ಹಿಂದೆ ಜಲ್ಲಿಯ ಲಾರಿ, ಬದಿಯಿಂದ ನುಗ್ಗುವ ಬಸ್ಸುಗಳು, ಕಂಡಕ್ಟರುಗಳ ಸೀಟಿ. ಮರ್ವಾಳ ಕಿವಿಗಳೆರಡನ್ನೂ ಮುಚ್ಚಿ ಎದೆಗೆ ಒತ್ತಿ ಹಿಡಿದಿದ್ದೆ. ಡಾಕ್ಟರ್ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಸುಳ್ಳು ಹೇಳಬಾರದೆಂದು ನಿಶ್ಚಯಿಸಿದೆ.

ಮರ್ವಾಳ ತೂಕ ಏರಿದೆ. ಎದೆ ಚೆನ್ನಾಗಿದೆ. ಡಾಕ್ಟರ್ ಕನ್ನಡಕ ತೆಗೆದರು.

"ನಿದ್ದೆ?"

"ಇಲ್ಲ ಡಾಕ್ಟ್ರೆ. ಹಾಗೆಯೇ ಉಂಟು" ಎಂದೆ.

ಹಿಂದಿನಿಂದ ಮಾಮಿ ಕೆಮ್ಮಿದರು. ಈ ಸಲ ನಾನೂ ಬರ್ತೇನೆ ಎಂದು ಬೆಳಿಗ್ಗೆಯೇ ಬುರ್ಖಾ ಹಾಕಿ ಕೂತಿದ್ದವರು.

"ಡಾಕ್ಟ್ರೆ, ನಾನು ಹೇಳ್ತೇನೆ" ಎಂದರು, ತಮ್ಮ ಮುರುಕು ಕನ್ನಡದಲ್ಲಿ. "ಶನಿವಾರ ಊಟ ಮಾಡಿ ಬಾಲ್ಕನಿಯಲ್ಲಿ ಕೂತವಳು ಮಗ್ರಿಬ್ ತನಕ ಮಲಗಿದ್ದಾಳೆ. ಬಾಯಿ ತೆರೆದು. ಮಗು ಎರಡು ಸಲ ಅತ್ತಿತು. ಇವಳು ಹಿಂಡಿ ಫ್ರಿಜ್ಜಿನಲ್ಲಿ ಇಟ್ಟಿರ್ತಾಳಲ್ಲ ಹಾಲು, ಅದನ್ನು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸಿದೆ. ಮೇಲಿನ ಮನೆಯವರು ಗೋಡೆಗೆ ಡ್ರಿಲ್ ಹಾಕಿದ್ರು. ಇವಳು ಅಲುಗ್ಲಿಲ್ಲ. ಸೋಮವಾರವೂ ಹಾಗೆ. ನಿನ್ನೆಯೂ."

ನಾನು ತಿರುಗಿ ನೋಡಿದೆ. "ನಿನ್ನೆ ನಾನು ನೀರು ಆರ್ಲಿಕ್ಕೆ ಕಾಯ್ತಾ ಇದ್ದೆ ಮಾಮಿ."

"ಹೌದು. ಚೆನ್ನಾಗಿ ಕಾದೆ."

ನಿಯಾಝ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಕುಲುಕುತ್ತಿತ್ತು.

"ನಿಂಗೂ ಗೊತ್ತಿತ್ತಾ?"

"ಶಾಲು ಹಾಕಿದ್ದು ನಾನೇ ಮಾರಾಯ್ತಿ."

"ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ಮಾಮಿ?"

"ಹೇಳಿದ್ರೆ ನೀನು ಹೆದರಿ ಮರುದಿನದಿಂದ ಕೂರ್ತಿರ್ಲಿಲ್ಲ. ಅದಕ್ಕೇ ಸುಮ್ಮನಿದ್ದೆ." ಮಾಮಿ ಡಾಕ್ಟರ ಕಡೆ ತಿರುಗಿದರು. "ಇನ್ನು ಮಾತ್ರೆ ಬೇಕಾ ಡಾಕ್ಟ್ರೆ?"

ಡಾಕ್ಟರ್ ಮನೋರಮಾ ಚೀಟಿಯಲ್ಲಿ ಬರೆದದ್ದು ವಿಟಮಿನ್ ಹನಿ ಮತ್ತು ಮುಂದಿನ ಲಸಿಕೆಯ ದಿನ. ಪೆನ್ನು ಮುಚ್ಚಿ, "ನೀವು ಮಲಗಿದ್ದಾಗ ಅವಳು ಮರೆತಳಾ ಸಬೀನಾ?" ಎಂದು ಕೇಳಿದರು.

ಮರ್ವಾ ಅವರ ಮೇಜಿನ ಮೇಲೆ ಮಲಗಿ ಸ್ಟೆತ್ತಿನ ಕೊಳವೆಯನ್ನು ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲು ಡಾಕ್ಟರು ಪಡುತ್ತಿದ್ದ ಕಷ್ಟ ನೋಡಿ ಮಾಮಿ ಜೋರಾಗಿ ನಕ್ಕರು.

ಮಾಮಿ ಸ್ವಲ್ಪ ಜಾಸ್ತಿ ಮಾಡಿ ಹೇಳಿದ್ದಾರೆ ಎಂದು ಈಗಲೂ ನನಗನ್ನಿಸುತ್ತದೆ. ಬಾಯಿ ತೆರೆದು ನಾನು ಮಲಗುವುದಿಲ್ಲ.

ಬಲ್ಮಠದಲ್ಲಿ ಕಾರು ಹತ್ತಿದ್ದು ನೆನಪಿದೆ. ಮರ್ವಾಳನ್ನು ಮಾಮಿಯ ಮಡಿಲಿಗೆ ಕೊಟ್ಟದ್ದು, ಕಿಟಕಿಯ ಗಾಜು ಬೆಚ್ಚಗಿದ್ದದ್ದು, ಅದಕ್ಕೆ ತಲೆ ಆನಿಸಿದ್ದು ನೆನಪಿದೆ. ಆಮೇಲೆ ನಮ್ಮ ಗೇಟು, ನಿಯಾಝ್ ಬಾಗಿಲು ತೆರೆದು ಹಿಡಿದು ನಿಂತಿದ್ದ. ಬರುವ ದಾರಿಯಲ್ಲಿ ಇವತ್ತು ನಂತೂರು ಬರಲೇ ಇಲ್ಲ.